ಒಡೆಯೋದು ಗಾಜು, ಬದಲಾಗೋದು ಇಡೀ ಡಿಸ್ಪ್ಲೇ

ಫೋನ್ ಕೈಜಾರಿ ಬಿದ್ದಾಗ ಸಾಮಾನ್ಯವಾಗಿ ಒಡೆಯುವುದು ಮೇಲಿನ ಗಾಜು. ಅದರ ಕೆಳಗಿನ ಡಿಸ್ಪ್ಲೇಗೆ ಎಷ್ಟೋ ಸಲ ಏನೂ ಆಗಿರುವುದಿಲ್ಲ. ಚಿತ್ರ ಬರುತ್ತಿರುತ್ತದೆ, ಬಣ್ಣ ಸರಿಯಾಗಿರುತ್ತದೆ, ಬೆರಳಿಟ್ಟರೆ ಟಚ್ಚೂ ಕೆಲಸ ಮಾಡುತ್ತದೆ. ಆದರೂ ಸರ್ವಿಸ್ ಸೆಂಟರಿನಲ್ಲಿ ಸಿಗುವ ಉತ್ತರ ಒಂದೇ: "ಡಿಸ್ಪ್ಲೇ ಪೂರ್ತಿ ಹಾಕಬೇಕು." ಅಗ್ಗದ ಭಾಗ ಒಡೆದಿದ್ದಕ್ಕೆ ಫೋನಿನ ಅತಿ ದುಬಾರಿ ಭಾಗಗಳಲ್ಲೊಂದನ್ನು ಕಿತ್ತು ಬಿಸಾಡುವ ಪದ್ಧತಿ ಇದು. ನಾವು ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆ ಅಂದರೆ, ಇದರಲ್ಲಿ ಏನೋ ವಿಚಿತ್ರ ಇದೆ ಅಂತ ಅನ್ನಿಸುವುದೇ ಇಲ್ಲ.

ನಾನಿರುವುದು ಜರ್ಮನಿಯಲ್ಲಿ. ಇಲ್ಲಿ ರಿಪೇರಿ ಅಂದರೆ ಕಾನೂನು, ಲೇಬಲ್, ಪಾರ್ಟ್ ನಂಬರು. ಭಾರತದಲ್ಲಿ ರಿಪೇರಿ ಅಂದರೆ ಕೈಚಳಕ. ಎರಡನ್ನೂ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು: ಇಲ್ಲಿನ ಕಾನೂನು ಒಳ್ಳೆಯದೇ, ಆದರೆ ಸರಿಯಾಗಿ ಗಾಜಿನ ಹತ್ತಿರ ಬಂದು ನಿಂತುಬಿಡುತ್ತದೆ. ನಮ್ಮವರ ಕೈ ಗಾಜನ್ನೂ ಬಿಡಿಸುತ್ತದೆ, ಆದರೆ ಆ ಕೈಗೆ ಯಾವ ಕಾನೂನಿನ ಬೆಂಬಲವೂ ಇಲ್ಲ.

ಗಾಜನ್ನೇ ಗಟ್ಟಿ ಮಾಡಿದರೆ ಆಯ್ತಲ್ಲ, ರಿಪೇರಿ ಮಾತೇ ಯಾಕೆ ಅಂತ ಕೇಳುವವರಿದ್ದಾರೆ. ಗಟ್ಟಿ ಮಾಡುತ್ತಲೇ ಇದ್ದಾರೆ. ಫೋನಿನ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿದ ಪೊಟ್ಯಾಸಿಯಂ ಉಪ್ಪಿನೊಳಗೆ ಮುಳುಗಿಸುತ್ತಾರೆ. ಗಾಜಿನ ಮೇಲ್ಪದರದಲ್ಲಿರುವ ಸೋಡಿಯಂ ಅಯಾನುಗಳು ಹೊರಗೆ ಹೋಗಿ, ಅವಕ್ಕಿಂತ ದೊಡ್ಡದಾದ ಪೊಟ್ಯಾಸಿಯಂ ಅಯಾನುಗಳು ಆ ಜಾಗಕ್ಕೆ ಬಂದು ಕೂರುತ್ತವೆ. ಇಬ್ಬರ ಸೀಟಿನಲ್ಲಿ ಮೂವರು ಕೂತ ಹಾಗೆ ಮೇಲ್ಪದರ ಇಕ್ಕಟ್ಟಾಗಿ ಬಿಗಿದುಕೊಳ್ಳುತ್ತದೆ. ಬಿರುಕು ಬಾಯಿ ಬಿಡಬೇಕಾದರೆ ಮೊದಲು ಈ ಬಿಗಿತವನ್ನು ಗೆಲ್ಲಬೇಕು. ಕಾರ್ನಿಂಗ್ ಕಂಪನಿಯ ಗೊರಿಲ್ಲಾ ಗ್ಲಾಸ್ ಹೆಸರು ಮಾಡಿದ್ದು ಈ ವಿಧಾನದಿಂದಲೇ.

ಆದರೆ ಆ ಬಿಗಿದ ಪದರ ಬಹಳ ತೆಳು, ಒಂದು ಮಿಲಿಮೀಟರಿನ ಸಣ್ಣ ಪಾಲು ಅಷ್ಟೇ. ಅದನ್ನು ದಾಟಿ ಒಳಗೆ ಇಳಿದ ಒಂದು ಗೀರು ಸಾಕು, ಮುಂದಿನ ಸಲ ಬಿದ್ದಾಗ ಬಿರುಕು ಅಲ್ಲಿಂದಲೇ ಓಡುತ್ತದೆ. ಹತ್ತು ಸಲ ಬಿದ್ದರೂ ಏನೂ ಆಗದ ಫೋನ್ ಒಂದು ದಿನ ಮೇಜಿನಿಂದ ಸುಮ್ನೆ ಜಾರಿ ಬಿದ್ದು ಚೂರಾಗುವುದು ಇದಕ್ಕೇ. ಗೀರು ಹಾಕುವುದು ಜೇಬಿನಲ್ಲಿರುವ ಬೀಗದ ಕೈ ಅಂತ ಜನ ಅಂದುಕೊಳ್ಳುತ್ತಾರೆ. ಬೀಗದ ಕೈ ಪಾಪದ್ದು. ಲೋಹ ಈ ಗಾಜಿಗಿಂತ ಮೆತ್ತಗೆ. ನಿಜವಾದ ಕಳ್ಳ ಮರಳು. ಮರಳಿನಲ್ಲಿರುವ ಕ್ವಾರ್ಟ್ಜ್ ಮೋಸ್ ಗಡಸುತನದ ಅಳತೆಯಲ್ಲಿ 7, ಫೋನಿನ ಗಾಜಿನ ಮೇಲೆ 6ರ ಹೊತ್ತಿಗೇ ಗೀರು ಕಾಣಿಸಲು ಶುರುವಾಗುತ್ತದೆ. ಜೇಬಿನ ಮೂಲೆಯಲ್ಲಿ ಉಳಿದ ನಾಲ್ಕು ಕಾಳು ಧೂಳು ಮಾಡುವ ಕೆಲಸವನ್ನು ಚಾಕು ಕೂಡ ಮಾಡುವುದಿಲ್ಲ.

ಇನ್ನು ಬೀಳುವ ನೆಲ. 2020ರಲ್ಲಿ ಬಂದ ಗೊರಿಲ್ಲಾ ಗ್ಲಾಸ್ ವಿಕ್ಟಸ್ ಅನ್ನುವ ಗಾಜು, 2 ಮೀಟರ್ ಎತ್ತರದಿಂದ ಗಟ್ಟಿ ಒರಟು ನೆಲದ ಮೇಲೆ ಬಿದ್ದರೂ ತಡೆಯುತ್ತದೆ ಅಂತ ಕಂಪನಿ ಹೇಳಿತ್ತು. 2022ರಲ್ಲಿ ವಿಕ್ಟಸ್ 2 ಬಂದಾಗ ಮಾತು ಸ್ವಲ್ಪ ಬಿಡಿಸಿ ಹೇಳಿದರು: ಡಾಂಬರಿನಂಥ ಮೇಲ್ಮೈ ಆದರೆ 2 ಮೀಟರ್, ಕಾಂಕ್ರೀಟಿನಂಥದ್ದಾದರೆ 1 ಮೀಟರ್. ಇದೂ ಪ್ರಯೋಗಾಲಯದ ಲೆಕ್ಕ. ಮೂಲೆ ಮೊದಲು ತಾಗಿದರೆ ಪೆಟ್ಟೆಲ್ಲ ಒಂದೇ ಜಾಗಕ್ಕೆ ಬೀಳುತ್ತದೆ, ಆಗ ಯಾವ ಮೀಟರಿನ ಲೆಕ್ಕವೂ ನಡೆಯುವುದಿಲ್ಲ. ಗೀರು ಬೀಳದಂಥ ಗಾಜು ಮಾಡಲು ಹೋದರೆ ಪೆಟ್ಟು ತಡೆಯುವ ಗುಣ ಕಡಿಮೆಯಾಗುವುದುಂಟು, ಪೆಟ್ಟಿಗೆ ಮಾಡಿದರೆ ಗೀರಿನ ಕಡೆ ಹಿಂದೆ ಬೀಳುವುದುಂಟು. ಗಾಜು ಗಾಜೇ. ಒಡೆದ ಮೇಲೆ ಏನು ಮಾಡಬಹುದು ಅನ್ನುವುದೇ ನಿಜವಾದ ಪ್ರಶ್ನೆ.

ಹಳೇ ಫೋನುಗಳಲ್ಲಿ ಇದು ದೊಡ್ಡ ವಿಷಯವಾಗಿರಲಿಲ್ಲ. ಮೇಲೆ ಟಚ್ ಇರುವ ಗಾಜು, ಕೆಳಗೆ ಹಿಂಬದಿಯ ದೀಪದಿಂದ ಬೆಳಗುವ ಎಲ್‌ಸಿಡಿ, ನಡುವೆ ಸ್ವಲ್ಪ ಗಾಳಿ. ಟಚ್ ಹೋದರೆ ಟಚ್ ಬದಲಿಸುತ್ತಿದ್ದರು, ಡಿಸ್ಪ್ಲೇ ಹೋದರೆ ಡಿಸ್ಪ್ಲೇ. ಆಮೇಲೆ ಎರಡನ್ನೂ ಪಾರದರ್ಶಕ ಅಂಟಿನಿಂದ ಸೇರಿಸಿ ಒಂದೇ ಹಲಗೆ ಮಾಡಿದರು. ಅಂಗಡಿ ಭಾಷೆಯಲ್ಲಿ ಅದು ಕಾಂಬೋ. ಇದರ ಹಿಂದೆ ಬರೀ ದುರುದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಗಾಳಿ ಇದ್ದಲ್ಲಿ ಬೆಳಕು ಪ್ರತಿಫಲಿಸಿ ಬಿಸಿಲಿನಲ್ಲಿ ಅಕ್ಷರ ಕಾಣುತ್ತಿರಲಿಲ್ಲ, ಫೋನೂ ದಪ್ಪವಾಗುತ್ತಿತ್ತು. ಅಂಟಿಸಿದ ಮೇಲೆ ಎರಡೂ ಸರಿಹೋಯಿತು. ಆದರೆ ಅಂಟಿಸುವಾಗ ಬಿಡಿಸುವವನ ಕಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಿಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಮೊದಲು ಫೋನಿನಿಂದ ಡಿಸ್ಪ್ಲೇ ಹೊರಗೆ ತೆಗೆಯಬೇಕು. ಅದೇ ಅರ್ಧ ಯುದ್ಧ, ಯಾಕೆಂದರೆ ನೀರು ಹೋಗದಂತೆ ಸುತ್ತಲೂ ಗಮ್ ಹಾಕಿರುತ್ತಾರೆ. ಆಮೇಲೆ ಅದನ್ನು ಬಿಸಿ ತಟ್ಟೆಯ ಮೇಲೆ ಮಲಗಿಸುತ್ತಾರೆ, ಕೆಳಗಿನಿಂದ ಗಾಳಿ ಎಳೆದು ಹಿಡಿಯುವ ಯಂತ್ರ ಅದನ್ನು ಅಲ್ಲಾಡಲು ಬಿಡುವುದಿಲ್ಲ. ಅಂಟು ಮೆತ್ತಗಾದ ಹೊತ್ತು ನೋಡಿ ಕೂದಲಿನಷ್ಟು ತೆಳುವಾದ ಮಾಲಿಬ್ಡಿನಂ ತಂತಿಯನ್ನು ಗಾಜಿಗೂ ಚಿತ್ರ ಮೂಡಿಸುವ ಪ್ಯಾನೆಲ್ಲಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು, ಗರಗಸದ ಹಾಗೆ ಅತ್ತಿತ್ತ ಎಳೆಯುತ್ತಾ ಮುಂದೆ ಸಾಗುತ್ತಾರೆ. ಒಡೆದ ಗಾಜು ಚೂರುಚೂರಾಗಿ ಬರುತ್ತದೆ. ತಂತಿ ಒಂಚೂರು ಕೆಳಗೆ ಒತ್ತಿದರೂ ಓಎಲ್ಇಡಿ (ಹಿಂಬದಿಯ ದೀಪವಿಲ್ಲದೆ ತಾನೇ ಬೆಳಗುವ ಬಗೆ) ಪ್ಯಾನೆಲ್ಲಿನ ಕಥೆ ಮುಗೀತು, ಕಪ್ಪು ಕಲೆಯೋ ಉದ್ದ ಗೆರೆಯೋ ಬಂದೇ ಬರುತ್ತದೆ. ಬಿಡಿಸಿದ ಮೇಲೆ ಉಳಿದ ಅಂಟನ್ನು ಉಜ್ಜಿ ತೆಗೆದು, ಹೊಸ ಅಂಟಿನ ಹಾಳೆ ಹಾಕಿ, ಹೊಸ ಗಾಜು ಕೂರಿಸಿ, ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಒತ್ತಿ, ಕೊನೆಗೆ ಒತ್ತಡದ ಯಂತ್ರದಲ್ಲಿಟ್ಟು ಗುಳ್ಳೆ ತೆಗೆಯುತ್ತಾರೆ. ಅಂಚು ಬಾಗಿದ ಸ್ಕ್ರೀನ್ ಆದರೆ ಇನ್ನೂ ಕಷ್ಟ. ಕೆಲವರು ಬಿಸಿಯ ಬದಲು ಗಡಗಡ ಹೆಪ್ಪುಗಟ್ಟಿಸಿ ಬಿಡಿಸುತ್ತಾರೆ.

ಈ ಕೆಲಸವನ್ನು ಯಾವ ಕಂಪನಿಯೂ ನಮ್ಮ ರಿಪೇರಿ ಅಂಗಡಿಯವರಿಗೆ ಹೇಳಿಕೊಟ್ಟಿಲ್ಲ. ಕೈಪಿಡಿಯಿಲ್ಲ, ಅಧಿಕೃತ ಗಾಜಿಲ್ಲ. ನೋಡಿ ಕಲಿತು, ಹಾಳು ಮಾಡಿ ಕಲಿತು, ಕೈ ಪಳಗಿಸಿಕೊಂಡಿದ್ದಾರೆ. ಇದು ಭಾರತದಲ್ಲಿ ಮಾತ್ರ ಇರುವ ವಿದ್ಯೆ ಅಲ್ಲ, ಆದರೆ ನಮ್ಮಲ್ಲಿ "ಬರೀ ಗ್ಲಾಸ್ ಹಾಕಿ ಕೊಡ್ತೀರಾ?" ಅಂತ ಕೇಳುವುದು ಸಹಜವಾದ ಮಾತು. ನಾನಿರುವ ಕಡೆ ಅದೇ ಪ್ರಶ್ನೆಯನ್ನು ಒಂದು ರಿಪೇರಿ ಕೌಂಟರಿನಲ್ಲಿ ಕೇಳಿದಾಗ ಬಂದ ಉತ್ತರ: "ಗಾಜಿಗೆ ಅಂತ ಬೇರೆ ಪಾರ್ಟ್ ನಂಬರೇ ನಮ್ಮ ಪಟ್ಟಿಯಲ್ಲಿ ಇಲ್ಲ." ಆ ಮನುಷ್ಯನ ತಪ್ಪಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ತರಬೇಕು?

ಆ ಪಟ್ಟಿಯ ಕಥೆಗೆ ಬರೋಣ. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಿಗೆ ಹೊಸ ನಿಯಮ ಜಾರಿಯಲ್ಲಿದೆ. ಮೊದಲು ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಮೇಲೆ ನೋಡುತ್ತಿದ್ದ ಬಣ್ಣದ ಪಟ್ಟಿಯ ಲೇಬಲ್ ಈಗ ಫೋನಿಗೂ ಬಂದಿದೆ. ಅದರಲ್ಲಿ ಎ ಇಂದ ಇ ವರೆಗೆ ಎರಡು ದರ್ಜೆ ಕಾಣುತ್ತವೆ: ಬಿದ್ದರೆ ಎಷ್ಟು ತಡೆಯುತ್ತದೆ, ಕೆಟ್ಟರೆ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ. ಮಡಚದ ಮಾಮೂಲಿ ಫೋನ್ ಕನಿಷ್ಠ 45 ಸಲ ಬಿದ್ದರೂ ಕೆಲಸ ಮಾಡಬೇಕು. ಎ ದರ್ಜೆ ಬೇಕಾದರೆ 270 ಸಲ. ಜಾಹೀರಾತಿನ "ಇನ್ನೂ ಗಟ್ಟಿ", "ಹಿಂದಿಗಿಂತ ಗಟ್ಟಿ" ಅನ್ನುವ ಮಾತಿಗಿಂತ ಇದು ಸಾವಿರ ಪಾಲು ವಾಸಿ. ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಗೀರಿನ ನಿಯಮ ಮಾತ್ರ ನಗು ತರಿಸುತ್ತದೆ: ಸ್ಕ್ರೀನ್ ಮೋಸ್ ಅಳತೆಯಲ್ಲಿ 4 ತಡೆದರೆ ಸಾಕಂತೆ. ಧೂಳು 7ರಲ್ಲಿ ಕೂತು ನೋಡುತ್ತಿದೆ.

ಬಿಡಿಭಾಗದ ವಿಷಯದಲ್ಲಿ ಈ ನಿಯಮ ಗಟ್ಟಿಯಾಗಿದೆ. ಒಂದು ಮಾಡೆಲನ್ನು ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ 7 ವರ್ಷ ಅದರ ಭಾಗಗಳು ಸಿಗುತ್ತಿರಬೇಕು. ಡಿಸ್ಪ್ಲೇಯನ್ನು ರಿಪೇರಿಯವರಷ್ಟೇ ಅಲ್ಲ, ಫೋನಿನ ಮಾಲೀಕರೂ ಕೊಳ್ಳಬಹುದು. ಬೆಲೆಯನ್ನು ಮುಚ್ಚಿಡುವಂತಿಲ್ಲ. ಭಾಗಕ್ಕೂ ಫೋನಿಗೂ ಸಾಫ್ಟ್‌ವೇರಿನಲ್ಲಿ ಗಂಟು ಹಾಕಿದ್ದರೆ ಅದನ್ನು ಬಿಡಿಸುವ ಉಪಾಯವನ್ನು ವೃತ್ತಿಪರ ರಿಪೇರಿಯವರಿಗೆ ಕೊಡಬೇಕು.

ಈ ಗಂಟಿನ ಬಗ್ಗೆ ಎರಡು ಮಾತು. 2021ರಲ್ಲಿ ಐಫೋನ್ 13 ಬಂದಾಗ ಹೊರಗಿನವರು ಸ್ಕ್ರೀನ್ ಬದಲಿಸಿದರೆ ಫೇಸ್ ಐಡಿ ನಿಂತುಹೋಗುತ್ತಿತ್ತು. ಸ್ಕ್ರೀನಿಗೂ ಮುಖ ಗುರುತಿಸುವುದಕ್ಕೂ ಏನು ಸಂಬಂಧ ಅಂತ ರಿಪೇರಿ ಲೋಕವೆಲ್ಲ ಗಲಾಟೆ ಮಾಡಿದ ಮೇಲೆ ಆಪಲ್ ಸಾಫ್ಟ್‌ವೇರ್ ಅಪ್ಡೇಟಿನಲ್ಲಿ ಅದನ್ನು ಸರಿ ಮಾಡಿತು. ಅಪ್ಡೇಟಿನಲ್ಲಿ ಸರಿಯಾಗುವ ವಿಷಯ ಅಂದಮೇಲೆ ಅದು ತಾಂತ್ರಿಕ ಅಡ್ಡಿ ಆಗಿರಲಿಲ್ಲ, ಅಲ್ವಾ? ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಇಂಥ ಗಂಟಿಗೇ ಕಡಿವಾಣ ಹಾಕುವ ಕಾನೂನು ಮಾಡಿತು. ಯುರೋಪಿನ 2024ರ ರಿಪೇರಿ ನಿರ್ದೇಶನವೂ ಆ ದಾರಿಯಲ್ಲೇ ಇದೆ.

ಇಷ್ಟೆಲ್ಲ ಇದ್ದೂ ನನ್ನ ತಕರಾರು ಏನು? ಯುರೋಪಿನ ಪಟ್ಟಿಯಲ್ಲಿರುವ ಭಾಗ ಡಿಸ್ಪ್ಲೇ ಜೋಡಣೆ. ಅಂದರೆ ಗಾಜು, ಟಚ್, ಪ್ಯಾನೆಲ್ ಎಲ್ಲ ಸೇರಿದ ಅದೇ ಕಾಂಬೋ. ಗಾಜು ಅನ್ನುವುದು ಕಾನೂನಿನ ಕಣ್ಣಿಗೆ ಬೇರೆ ವಸ್ತುವೇ ಅಲ್ಲ. ಕಂಪನಿಗಳು ಅಂಟಿಸಿದ್ದನ್ನು ಕಾನೂನು ಹಾಗೇ ಒಪ್ಪಿಕೊಂಡಿತು. 7 ವರ್ಷ ಡಿಸ್ಪ್ಲೇ ಸಿಗುತ್ತದೆ ಸರಿ, ಬೆಲೆಯೂ ಗೊತ್ತಾಗುತ್ತದೆ ಸರಿ, ಆದರೆ ಆ ಬೆಲೆ ನೋಡಿದ ಮೇಲೆ ಹಳೇ ಫೋನಿಗೆ ಯಾರು ಹಾಕಿಸುತ್ತಾರೆ? "ಅದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತೆ" ಅನ್ನುವ ಲೆಕ್ಕ ಇಲ್ಲಿ ದಿನಾ ಕೇಳುತ್ತೇನೆ. ರಿಪೇರಿ ಮಾಡಿಸುವ ಹಕ್ಕು ಕಾಗದದ ಮೇಲೆ ಇದೆ, ಜನ ಅದನ್ನು ಬಳಸದೆ ಹೊಸ ಫೋನ್ ತರುತ್ತಾರೆ.

ಹಾಗಂತ ನಮ್ಮ ಕೈಚಳಕವನ್ನು ಸುಮ್ನೆ ಹೊಗಳಿ ಕೂರುವುದೂ ಸರಿಯಲ್ಲ. ಗಾಜು ಮಾತ್ರ ಬದಲಿಸುವ ಕೆಲಸ ಗೊತ್ತಿರುವವರ ಪಕ್ಕದಲ್ಲೇ, ಓಎಲ್ಇಡಿ ತೆಗೆದು ಅಗ್ಗದ ಎಲ್‌ಸಿಡಿ ಹಾಕಿ "ಒರಿಜಿನಲ್" ಅಂತ ಹೇಳುವವರೂ ಇದ್ದಾರೆ. ಗೊತ್ತಾಗುವುದು ಆಮೇಲೆ. ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಸ್ಕ್ರೀನಿನ ಕೆಳಗೆ ಫಿಂಗರ್‌ಪ್ರಿಂಟ್ ಇದ್ದ ಫೋನಿನಲ್ಲಿ ಅದು ಕೆಲಸವನ್ನೇ ನಿಲ್ಲಿಸುತ್ತದೆ, ಯಾಕೆಂದರೆ ಓಎಲ್ಇಡಿಯ ಹಾಗೆ ಎಲ್‌ಸಿಡಿಯ ಹಿಂಬದಿಯಿಂದ ಬೆರಳನ್ನು ನೋಡಲು ಆಗುವುದಿಲ್ಲ. ಒಮ್ಮೆ ಬಿಚ್ಚಿದ ಫೋನಿಗೆ ಹೊಸ ಗಮ್ಮನ್ನು ಸರಿಯಾಗಿ ಹಾಕದಿದ್ದರೆ ನೀರು ತಡೆಯುವ ಗುಣವೂ ಹೋಯಿತು. ಗ್ರಾಹಕರಿಗೆ ಯಾವುದು ಯಾವುದು ಅಂತ ತಿಳಿಯುವ ದಾರಿಯಿಲ್ಲ. ಇಂಥ ಕಡೆ ಯುರೋಪಿನ ಲೇಬಲ್ಲು, ಬೆಲೆಪಟ್ಟಿ, ಅಧಿಕೃತ ಭಾಗ ನೆನಪಾಗುತ್ತವೆ.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಕಂಪನಿಗಳು ತಮ್ಮ ಕೈಪಿಡಿ, ಬಿಡಿಭಾಗ, ವಾರಂಟಿ ವಿವರಗಳನ್ನು ಒಂದೇ ಕಡೆ ಇಡಲಿ ಅನ್ನುವುದು ಅದರ ಉದ್ದೇಶ. ಒಳ್ಳೆಯದು, ಆದರೆ ಸ್ವಂತ ಅಂಗಡಿ ಇಟ್ಟುಕೊಂಡು ತಂತಿ ಎಳೆಯುವವನಿಗೆ ಅದರಿಂದ ಸಿಗುವುದು ಕಡಿಮೆ. 2025ರ ಮೇನಲ್ಲಿ ಸರ್ಕಾರದ ಒಂದು ಸಮಿತಿ ರಿಪೇರಿ ಸೂಚ್ಯಂಕದ ವರದಿ ಕೊಟ್ಟಿತು. ಬಿಚ್ಚಲು ಎಷ್ಟು ಹೆಜ್ಜೆ ಬೇಕು, ಯಾವ ಸ್ಕ್ರೂ ಯಾವ ಉಪಕರಣ, ಭಾಗ ಸಿಗುತ್ತದೆಯೇ, ಮಾಹಿತಿ ಸಿಗುತ್ತದೆಯೇ, ಇವನ್ನೆಲ್ಲ ನೋಡಿ ಫೋನಿಗೆ ಅಂಕ ಕೊಡುವ ಯೋಚನೆ. ಫ್ರಾನ್ಸ್ ಇದನ್ನು 2021ರಲ್ಲೇ ಶುರು ಮಾಡಿತ್ತು. ಕಂಪನಿಗಳೇ ತಮಗೆ ತಾವು ಅಂಕ ಕೊಟ್ಟುಕೊಳ್ಳುವ ಪದ್ಧತಿ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಆದರೂ ಅಂಕ ಇರುವುದು ಇಲ್ಲದ್ದಕ್ಕಿಂತ ಮೇಲು.

ಯುರೋಪಿನ ನಿಯಮವನ್ನೇ ಭಾರತಕ್ಕೆ ಎತ್ತಿ ತಂದರೆ ಅದರ ಕುರುಡೂ ಜೊತೆಗೆ ಬರುತ್ತದೆ. ಬಿಚ್ಚುವ ಹೆಜ್ಜೆ ಎಣಿಸುವಾಗ ಡಿಸ್ಪ್ಲೇ ಕೈಗೆ ಬಂದ ಕೂಡಲೇ ಎಣಿಕೆ ನಿಲ್ಲಿಸಬಾರದು. ಅಲ್ಲಿಂದ ಗಾಜು ಬಿಡಿಸಲು ಇನ್ನೆಷ್ಟು ಹೆಜ್ಜೆ, ಅದನ್ನೂ ಎಣಿಸಬೇಕು. ಗಾಜು ಬೇರೆ ಸಿಗುವ ಫೋನಿಗೆ ಜಾಸ್ತಿ ಅಂಕ. ಅಂಟನ್ನು ಬಿಡುವಂತೆ ಮಾಡಿದವರಿಗೆ ಇನ್ನೂ ಜಾಸ್ತಿ. ಬ್ಯಾಟರಿಯ ವಿಷಯದಲ್ಲಿ ಇದು ಆಗಿದೆ: ಪಟ್ಟಿ ಎಳೆದರೆ ಕಿತ್ತು ಬರುವ ಅಂಟು ಕೆಲವು ಫೋನುಗಳಲ್ಲಿದೆ, ಸಣ್ಣ ವಿದ್ಯುತ್ ಹರಿಸಿದರೆ ಹಿಡಿತ ಬಿಡುವ ಅಂಟು 2024ರ ಐಫೋನ್ 16ರಲ್ಲಿ ಬಂತು. ಬ್ಯಾಟರಿಗೆ ಆದದ್ದು ಗಾಜಿಗೆ ಹಾಗೇ ಆಗುತ್ತದೆ ಅಂತಲ್ಲ, ಗಾಜಿನ ಅಂಟಿನ ಮೂಲಕ ಬೆಳಕು ಹಾಯಬೇಕು, ಅದು ಬೇರೆ ಸವಾಲು. ಆದರೆ ಯಾರಾದರೂ ಕೇಳದೆ ಆ ಸವಾಲನ್ನು ಯಾವ ಕಂಪನಿಯೂ ಕೈಗೆತ್ತಿಕೊಳ್ಳುವುದಿಲ್ಲ.

ಅಲ್ಲಿಯವರೆಗೆ ಫೋನ್ ಕೊಳ್ಳುವವರಿಗೆ ನನ್ನದು ಸಣ್ಣ ಸಲಹೆ. ಅಂಚು ಬಾಗಿದ ಸ್ಕ್ರೀನ್ ಬೇಡ, ಚಪ್ಪಟೆಯದೇ ಇರಲಿ. ಮೂಲೆಗಳು ಸ್ಕ್ರೀನಿಗಿಂತ ಒಂಚೂರು ಎತ್ತರ ಇರುವ ಕವರ್ ಹಾಕಿ. ಮೇಲೆ ಅಂಟಿಸುವ ಟೆಂಪರ್ಡ್ ಗ್ಲಾಸ್ ದೊಡ್ಡ ಪೆಟ್ಟು ತಡೆಯುತ್ತದೆ ಅಂತ ನಂಬಬೇಡಿ, ಅದು ಗೀರನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ, ಅಷ್ಟೇ ದೊಡ್ಡ ಉಪಕಾರ. ಗಾಜು ಒಡೆದು ಚಿತ್ರ ಚೆನ್ನಾಗಿ ಬರುತ್ತಿದ್ದರೆ ಅವತ್ತೇ ಫೋಟೋ, ನಂಬರುಗಳನ್ನು ಬೇರೆ ಕಡೆ ಉಳಿಸಿ. ಬಿರುಕಿನಿಂದ ತೇವ ಒಳಗೆ ಹೋಗಿ ಪ್ಯಾನೆಲ್ ಸತ್ತಮೇಲೆ ಲಾಕ್ ತೆರೆಯುವುದೇ ಕಷ್ಟ. ರಿಪೇರಿಗೆ ಕೊಡುವಾಗ "ಡಿಸ್ಪ್ಲೇ ಎಷ್ಟಾಗುತ್ತೆ" ಅಂತ ಕೇಳುವ ಮೊದಲು "ಪ್ಯಾನೆಲ್ ಚೆನ್ನಾಗಿದೆಯಾ, ಗ್ಲಾಸ್ ಮಾತ್ರ ಆಗುತ್ತಾ" ಅಂತ ಕೇಳಿ. ಆಗುವುದಿಲ್ಲ ಅಂದರೆ ಹಳೇ ಡಿಸ್ಪ್ಲೇಯನ್ನು ಅಲ್ಲೇ ಬಿಟ್ಟು ಬರಬೇಡಿ, ಕೇಳಿ ಪಡೆಯಿರಿ. ಚಿತ್ರ ಬರುವ ಪ್ಯಾನೆಲ್ಲಿಗೆ, ಗಾಜು ಒಡೆದಿದ್ದರೂ, ಕೊಳ್ಳುವವರು ಇದ್ದೇ ಇದ್ದಾರೆ.