6ಜಿ ಸಂಶೋಧನೆ ಒಂದು ಮಳೆಗಾಲ ಮಲೆನಾಡಿನಲ್ಲಿ ನೆನೆಯಲಿ

6ಜಿ ಅಂದ ಕೂಡಲೇ ಸ್ಪೀಡಿನ ಮಾತು ಶುರುವಾಗುತ್ತೆ. ಸೆಕೆಂಡಿಗೆ ಎಷ್ಟು ಗಿಗಾಬಿಟ್, ಸಿನಿಮಾ ಎಷ್ಟು ಬೇಗ ಇಳಿಯುತ್ತೆ, ಇಷ್ಟೇ. ಸಕಲೇಶಪುರ–ಮೂಡಿಗೆರೆ ರಸ್ತೆ ಬಿಟ್ಟು ಯಾವುದಾದರೂ ಎಸ್ಟೇಟಿನೊಳಗೆ ಅರ್ಧ ಕಿಲೋಮೀಟರ್ ಇಳಿದು ನೋಡಿ. ಅಲ್ಲಿ ಬೇಕಿರೋದು ಗಿಗಾಬಿಟ್ ಅಲ್ಲ. ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆಯಿಂದ) ಒಂದು ಫೋಟೋ ವಾಟ್ಸಾಪಿನಲ್ಲಿ ಹೋಗಬೇಕು, ಯುಪಿಐ ಸುತ್ತುತ್ತಾ ಕೂರಬಾರದು.

ಈಗಲೇ ಯಾಕೆ ಈ ತಕರಾರು ಅಂದರೆ, ನಿಯಮ ಬರೆಯುತ್ತಿರೋದು ಈಗಲೇ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರ ನವೆಂಬರಿನಲ್ಲಿ ಐಎಂಟಿ-2030 (6ಜಿಗೆ ಅದು ಇಟ್ಟ ಹೆಸರು) ಚೌಕಟ್ಟನ್ನು ಒಪ್ಪಿತು. ಅದರ ಆರು ಬಳಕೆಗಳಲ್ಲಿ 'ಎಲ್ಲೆಡೆ ಸಂಪರ್ಕ'ವೂ ಒಂದು. ನಮ್ಮ ಸರ್ಕಾರದ 'ಭಾರತ್ 6ಜಿ' ದಾಖಲೆ ಬಂದದ್ದು ಅದೇ ವರ್ಷದ ಮಾರ್ಚಿನಲ್ಲಿ. 2027ರ ವಿಶ್ವ ರೇಡಿಯೋ ಸಮ್ಮೇಳನಕ್ಕಾಗಿ 4.4–4.8, 7.125–8.4 ಮತ್ತು 14.8–15.35 ಗಿಗಾಹರ್ಟ್ಸ್ ತರಂಗಪಟ್ಟಿಗಳ (ಬ್ಯಾಂಡ್) ಅಧ್ಯಯನ ನಡೆದಿದೆ. ಲ್ಯಾಬುಗಳಲ್ಲಿ 100 ಗಿಗಾಹರ್ಟ್ಸ್ ದಾಟಿದ ಪ್ರಯೋಗಗಳೂ ಇವೆ. ಅವು ಕಾಫಿ ತೋಟಕ್ಕೆ ಬರುವುದಿಲ್ಲ, ಬಿಟ್ಟುಬಿಡೋಣ.

7 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ಮಾತ್ರ ಗಂಭೀರವಾಗಿ ನೋಡಬೇಕು. 700 ಮೆಗಾಹರ್ಟ್ಸಿಗೆ ಹೋಲಿಸಿದರೆ ಬರಿಯ ಬಯಲಿನಲ್ಲೇ 20 ಡಿಬಿ, ಅಂದರೆ ನೂರು ಪಟ್ಟು ಹೆಚ್ಚು ನಷ್ಟ (ಡಿಬಿ ಅಂದರೆ ಸಿಗ್ನಲ್ ಬಲದ ಏರಿಳಿತದ ಅಳತೆ, ಪ್ರತಿ 10 ಡಿಬಿಗೆ ಹತ್ತು ಪಟ್ಟು). ಟವರಿನಲ್ಲಿ ಆಂಟೆನಾಗಳ ಸಂಖ್ಯೆ ಹೆಚ್ಚಿಸಿ, ಬೀಮನ್ನು (ಸಿಗ್ನಲ್ಲಿನ ಕಿರಣವನ್ನು) ಕಿರಿದು ಮಾಡಿ ಇದನ್ನು ಬಹುಮಟ್ಟಿಗೆ ಸರಿದೂಗಿಸಬಹುದು. ಎಲೆ ತಿನ್ನುವ ಪಾಲಿನದು ಬೇರೆಯೇ ಕಥೆ. ಬಳಕೆಯಲ್ಲಿರುವ ವೈಸ್‌ಬರ್ಗರ್ ಸೂತ್ರದಲ್ಲಿ 50 ಮೀಟರ್ ದಟ್ಟ ಎಲೆ ದಾಟುವ ಲೆಕ್ಕ ಹಾಕಿದರೆ, 700 ಮೆಗಾಹರ್ಟ್ಸಿನಲ್ಲಿ ಸುಮಾರು 12 ಡಿಬಿ ಹೋಗುತ್ತೆ, 3.5 ಗಿಗಾಹರ್ಟ್ಸಿನಲ್ಲಿ 19, 7 ಗಿಗಾಹರ್ಟ್ಸಿನಲ್ಲಿ 23. ಇದೂ ಮಳೆಯಲ್ಲಿ ನೆನೆಯದ ಎಲೆಯ ಲೆಕ್ಕ. ಜುಲೈ ತಿಂಗಳ ಸಿಲ್ವರ್ ಓಕ್, ಅದಕ್ಕೆ ತುದಿವರೆಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಆಳೆತ್ತರದ ಕಾಫಿ, ಎಲ್ಲಾ ತೊಟ್ಟಿಕ್ಕುತ್ತಿರುವಾಗ ನಷ್ಟ ಇನ್ನೂ ಏರುತ್ತೆ. ಚದುರಿದ ಎಲೆಗಳು ಕಿರಿದಾದ ಬೀಮನ್ನೂ ಚದುರಿಸುವುದರಿಂದ ಆಂಟೆನಾ ಹೆಚ್ಚಿಸಿ ಗಳಿಸಿದ್ದರಲ್ಲೂ ಒಂದು ಪಾಲು ಸೋರಿಹೋಗುತ್ತೆ.

'ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತೆ' ಅನ್ನೋದು ನಮ್ಮಲ್ಲಿ ಗಾದೆಯೇ ಆಗಿಹೋಗಿದೆ. ನಿಜ ಹೇಳಬೇಕೆಂದರೆ, ಗಂಟೆಗೆ 50 ಮಿಲಿಮೀಟರ್ ಸುರಿದರೂ 7 ಗಿಗಾಹರ್ಟ್ಸಿನಲ್ಲಿ ಕಿಲೋಮೀಟರಿಗೆ ಒಂದು ಡಿಬಿಯೂ ಹೋಗುವುದಿಲ್ಲ. ಹನಿಗಳ ಹೊಡೆತ ಬೀಳೋದು ಟವರಿನಿಂದ ಟವರಿಗೆ ಇರುವ 80 ಗಿಗಾಹರ್ಟ್ಸಿನ ಕೊಂಡಿಗಳಿಗೆ. ಅಷ್ಟೇ ಮಳೆಗೆ ಅಲ್ಲಿ ಕಿಲೋಮೀಟರಿಗೆ ಸುಮಾರು 19 ಡಿಬಿ ಖರ್ಚು. ಉಳಿದ ತಪ್ಪೆಲ್ಲಾ ಒದ್ದೆ ಎಲೆಯದು, ಮರ ಬಿದ್ದು ಹರಿದ ಫೈಬರಿನದು, ಹೋದ ಕರೆಂಟಿನದು. ಕರೆಂಟಿನ ಲೆಕ್ಕ ಸುಲಭ: 48 ವೋಲ್ಟ್, 600 ಆಂಪಿಯರ್-ಅವರಿನ ಬ್ಯಾಟರಿ ಸಾಲು, 2 ಕಿಲೋವ್ಯಾಟ್ ಲೋಡ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸಬಾರದು ಅಂದರೆ ಏಳು ಗಂಟೆ, ಅದೂ ಬ್ಯಾಟರಿ ಹೊಸದಿದ್ದರೆ. ಎರಡು ದಿನ ಕರೆಂಟ್ ಇಲ್ಲದ ಕಡೆ ಏಳು ಗಂಟೆ ಯಾವ ಮೂಲೆಗೆ? ಹೊಸ ತಲೆಮಾರಿನ ಉಪಕರಣ ಖಾಲಿ ಇರುವಾಗ ಎಷ್ಟು ಆಳವಾಗಿ ನಿದ್ದೆ ಮಾಡುತ್ತೆ ಅನ್ನೋದು ನನ್ನ ಮಟ್ಟಿಗೆ ಸ್ಪೀಡಿಗಿಂತ ದೊಡ್ಡ ಪ್ರಶ್ನೆ.

ಇನ್ನು, ಫೋನಿನಲ್ಲಿ ಸಿಗ್ನಲ್ ಕಡ್ಡಿ ತುಂಬಿದ್ದರೂ ಫೋಟೋ ಹೋಗದ ರೋಗ. ಟವರ್ 40 ವ್ಯಾಟಿನಲ್ಲಿ ಕೂಗುತ್ತೆ, ಫೋನ್ ಉತ್ತರ ಕೊಡೋದು 0.2 ವ್ಯಾಟಿನಲ್ಲಿ. ಇನ್ನೂರು ಪಟ್ಟು ವ್ಯತ್ಯಾಸ. ಕಡ್ಡಿ ತೋರಿಸೋದು ಟವರಿನ ಕೂಗನ್ನು ಮಾತ್ರ. ಎತ್ತರದ ಗುಡ್ಡದಲ್ಲಿ ಇನ್ನೊಂದು ತೊಂದರೆ. ಮುಳ್ಳಯ್ಯನಗಿರಿಯಂಥ ಕಡೆ ದೂರದೂರದ ಟವರುಗಳೆಲ್ಲಾ ಒಟ್ಟಿಗೆ ಕೇಳಿಸಿ ಒಂದರ ಮೇಲೊಂದು ಬೀಳುತ್ತವೆ. ಸಿಗ್ನಲ್ ಜೋರಾಗಿದ್ದರೂ ಮಾತು ಒಡೆಯುತ್ತೆ.

ಹಳ್ಳಿಯ ಬೇಡಿಕೆ ಮಾನದಂಡದೊಳಗೆ ಹೋಗಲ್ಲ ಅನ್ನುವವರು 5ಜಿಐ (5ಜಿಗೆ ಭಾರತ ರೂಪಿಸಿದ ಮಾನದಂಡ) ವಿಷಯ ನೋಡಬೇಕು. ಭಾರತದ ಮಾನದಂಡ ಸಂಸ್ಥೆ ಟಿಎಸ್‌ಡಿಎಸ್‌ಐ ಪಟ್ಟು ಹಿಡಿದದ್ದರಿಂದ 5ಜಿ ಪರೀಕ್ಷೆಗಳಲ್ಲಿ 6 ಕಿಲೋಮೀಟರಿಗೊಂದು ಟವರ್ ಇರುವ ಗ್ರಾಮೀಣ ಮಾದರಿ ಸೇರಿತು. ಫೋನ್ ಸಿಗ್ನಲ್ ಕಳಿಸುವ ಪೈ ಬೈ ಟೂ ಬಿಪಿಎಸ್‌ಕೆ ಅನ್ನುವ ವಿಧಾನಕ್ಕೆ ತರಂಗದ ಆಕಾರ ತಿದ್ದುವ ಕ್ರಮ ಸೇರಿಸಿದರು. ಅಲೆಯ ಏರಿಳಿತ ಕಮ್ಮಿಯಾದ್ದರಿಂದ ಫೋನಿನ ಆಂಪ್ಲಿಫೈಯರನ್ನು ತಡೆಹಿಡಿಯದೆ ಪೂರ್ತಿ ದುಡಿಸಬಹುದು, ಟವರಿಗೆ ಉತ್ತರ ಇನ್ನಷ್ಟು ದೂರದಿಂದ ಮುಟ್ಟುತ್ತೆ. 2021ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ 5ಜಿಐಯನ್ನು ಒಪ್ಪಿತು, ಆಮೇಲೆ ಅದು ಜಾಗತಿಕ 5ಜಿಯೊಳಗೇ ವಿಲೀನವಾಯ್ತು. ಆದರೆ ಆ ಗ್ರಾಮೀಣ ಮಾದರಿ ಬಯಲುಸೀಮೆ ಲೆಕ್ಕ. ಅರಸೀಕೆರೆಗೆ ಹೊಂದುತ್ತೆ, ಕಳಸಕ್ಕೆ ಹೊಂದಲ್ಲ. ಗುಡ್ಡದ ಅಡ್ಡ, ಒದ್ದೆ ಕಾಡು ಅದರಲ್ಲಿ ಇಲ್ಲ.

ಉಪಗ್ರಹ ಬರುತ್ತಲ್ಲ ಅಂತೀರಿ. ಹಾಸನದ ಇಸ್ರೋ ಕೇಂದ್ರ 1982ರಿಂದ ನೋಡಿಕೊಳ್ಳುತ್ತಿರುವ ಉಪಗ್ರಹಗಳು ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ. ಮಾಮೂಲಿ ಫೋನಿನ ವೇಗದ ಇಂಟರ್‌ನೆಟ್‌ಗೆ ಅದು ತೀರಾ ದೂರ. ಕೆಳಕಕ್ಷೆಯ 600 ಕಿಲೋಮೀಟರಿನವು ಹತ್ತಿರ ಸರಿ, ಆದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತವೆ. 2 ಗಿಗಾಹರ್ಟ್ಸಿನಲ್ಲಿ ಆವರ್ತನ 48 ಕಿಲೋಹರ್ಟ್ಸಿನವರೆಗೂ ಜಾರುತ್ತೆ. ಈಗಿನ ಮಾನದಂಡದಲ್ಲಿ ಫೋನ್ ತನ್ನ ಜಿಪಿಎಸ್ ಜಾಗ ನೋಡಿಕೊಂಡು ಇದನ್ನು ಮುಂಚೆಯೇ ಸರಿಮಾಡಬೇಕು. ದಟ್ಟ ನೆರಳಿನಡಿ ಜಿಪಿಎಸ್ಸೇ ತಡವರಿಸುತ್ತೆ, ಮೇಲೆ ಎಲೆಯ ನಷ್ಟ ಬೇರೆ. ಕಾಫಿ ಒಣಗಿಸುವ ಕಣದಲ್ಲಿ ನಿಂತರೆ ಕೆಲಸ ಮಾಡೀತು, ತೋಟದ ನಡುವೆ ನೆಚ್ಚಿಕೊಳ್ಳೋ ಹಾಗಿಲ್ಲ.

6ಜಿಯಲ್ಲಿ ಟವರೇ ರೇಡಾರ್ ಆಗುತ್ತೆ, ಆನೆ ಬಂದರೆ ಹೇಳುತ್ತೆ ಅಂತಲೂ ಕೇಳಿಬರ್ತಿದೆ. ಆಲೂರು, ಸಕಲೇಶಪುರದವರಿಗೆ ಆಸೆ ಹುಟ್ಟೋದು ಸಹಜ. ಬ್ಯಾಂಡ್ 100 ಮೆಗಾಹರ್ಟ್ಸ್ ಅಗಲವಿದ್ದರೆ ಒಂದೂವರೆ ಮೀಟರ್ ಅಂತರದ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು, 10 ಮೆಗಾಹರ್ಟ್ಸಿದ್ದರೆ 15 ಮೀಟರ್ ಅಂತರ ಬೇಕು. ಆನೆ ನಿಧಾನಕ್ಕೆ, ಸೆಕೆಂಡಿಗೆ 1.2 ಮೀಟರ್ ನಡೆದರೆ 3.5 ಗಿಗಾಹರ್ಟ್ಸಿನಲ್ಲಿ ವಾಪಸ್ ಬರುವ ಅಲೆಯ ಆವರ್ತನದಲ್ಲಿ ಸಿಗುವ ಪಲ್ಲಟ ಬರೀ 28 ಹರ್ಟ್ಸ್. ಗಾಳಿಗೆ ತೂಗುವ ಕೊಂಬೆಯೂ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತೆ. ಕೊಂಬೆ ತೂಗಿ ಅಲ್ಲೇ ಇರುತ್ತೆ, ಆನೆ ಮುಂದೆ ಹೋಗುತ್ತೆ. ಈ ವ್ಯತ್ಯಾಸವನ್ನು ಮಳೆಗಾಳಿಯ ನಡುವೆ ಹಿಡಿಯೋದೇ ಸಂಶೋಧನೆ. ನಗರದ ಕಾರು-ಡ್ರೋನ್ ಹಿಡಿದು ತೋರಿಸಿದ ಡೆಮೋ ಇಲ್ಲಿ ನಡೆಯಲ್ಲ.

ಹಾಗಾಗಿ ಅಳತೆ ಇಲ್ಲೇ ಆಗಬೇಕು. ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಹುಡುಗರು ಕೊನೆ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಹಿಡಿಯಬಹುದು. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಕೈಯೇ ಕೆಲವು ಡಿಬಿ ತಿನ್ನುತ್ತೆ. ಒಂದೂವರೆ ಮೀಟರ್ ಪಿವಿಸಿ ಪೈಪಿಗೆ ಕಟ್ಟಿ. ಒಂದೇ ಸಿಮ್, ವೈಫೈ ಆಫ್, ಪ್ರತಿ ಜಾಗದಲ್ಲಿ ಒಂದು ನಿಮಿಷ. ಬ್ಯಾಂಡ್, ಸೆಲ್ ಐಡಿ (ಯಾವ ಟವರ್ ಅನ್ನುವ ಗುರುತು), ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ), ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್), ಅಪ್‌ಲೋಡ್ ವೇಗ ಬರೆದುಕೊಳ್ಳಿ. ನೆರಳಲ್ಲಿ ಜಿಪಿಎಸ್ ಜಾರುವುದರಿಂದ ಮರಕ್ಕೆ ಬಣ್ಣದಲ್ಲಿ ನಂಬರ್ ಹಾಕಿ. ಬೇಸಿಗೆಯಲ್ಲಿ ಒಮ್ಮೆ, ಮರಗಸಿಗೆ (ನೆರಳು ಮರದ ಕೊಂಬೆ ಕಡಿಯೋದು) ಮುಂಚೆ ಮತ್ತು ಆಮೇಲೆ, ಜುಲೈನಲ್ಲಿ ಮಳೆ ನಿಂತ ಅರ್ಧ ಗಂಟೆಯೊಳಗೆ ಒಮ್ಮೆ. ಫೋನ್ ತೋರಿಸುವ ಅಂಕಿ ನಿಖರವಲ್ಲ, ಆದರೆ ಅದೇ ಫೋನ್, ಅದೇ ಮರ ಇದ್ದರೆ ವ್ಯತ್ಯಾಸವನ್ನು ನಂಬಬಹುದು. ಸೆಲ್ ಐಡಿ ಬೇರೆ ಬಂದಿದ್ದರೆ ಆ ದಿನದ ಸಾಲನ್ನು ಪಕ್ಕಕ್ಕಿಡಿ: ಹತ್ತಿರದ ಟವರಿನ ಬ್ಯಾಟರಿ ಮುಗಿದು ಫೋನ್ ದೂರದ್ದನ್ನು ಹಿಡಿದಿರಬಹುದು. ಆಗ ನೀವು ಅಳೆದದ್ದು ಎಲೆಯನ್ನಲ್ಲ, ಕರೆಂಟನ್ನು.