ಪ್ಯಾಕಿಂಗ್ ಕ್ಯೂಬ್ ಕೊಳ್ಳುವ ಮೊದಲು ಸೂಟ್‌ಕೇಸ್ ಒಳಗೆ ಟೇಪ್ ಹಿಡಿಯಿರಿ

ಪ್ಯಾಕಿಂಗ್ ಕ್ಯೂಬ್ ಅಂದ್ರೆ ಸೂಟ್‌ಕೇಸ್ ಒಳಗೆ ಬಟ್ಟೆ ವಿಂಗಡಿಸಿಡೋ ಜಿಪ್ಪಿನ ಚೀಲ. ಜಾಹೀರಾತಿನ ವಿಡಿಯೋಗಳಲ್ಲಿ ಮಾತ್ರ ಅದು ಮಾಯಾಪೆಟ್ಟಿಗೆ. ಎರಡು ಸೂಟ್‌ಕೇಸಿನ ಬಟ್ಟೆ ಒಂದರಲ್ಲೇ ಹಿಡಿಸಿ ತೋರಿಸ್ತಾರೆ. ಹಿಡಿಸುತ್ತೆ, ಪೂರ್ತಿ ಸುಳ್ಳಲ್ಲ. ಆದ್ರೆ ವಿಮಾನ ನಿಲ್ದಾಣದ ತಕ್ಕಡಿಗೆ ಜಿಪ್ಪಿನ ಮಹಿಮೆ ಗೊತ್ತಿಲ್ಲ. ದೇಶದೊಳಗಿನ ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ ಕ್ಯಾಬಿನ್‌ಗೆ 7 ಕೆಜಿ, ಚೆಕ್-ಇನ್‌ಗೆ 15 ಕೆಜಿ. ಗಟ್ಟಿ ಚಿಪ್ಪಿನ ಕ್ಯಾಬಿನ್ ಟ್ರಾಲಿ ಖಾಲಿ ಇದ್ದಾಗಲೇ 2.5 ಕೆಜಿ ಆಸುಪಾಸು ತೂಗುತ್ತೆ. ಆರು ಕ್ಯೂಬಿನ ಸೆಟ್ ಇನ್ನೊಂದು 400 ಗ್ರಾಂ. ಉಳಿದದ್ದು 4 ಕೆಜಿ ಚಿಲ್ಲರೆ. ಒಂದು ಜೀನ್ಸ್ 600-700 ಗ್ರಾಂ, ಒಂದು ದಪ್ಪ ಟರ್ಕಿ ಟವೆಲ್ 500 ಗ್ರಾಂ. ಲೆಕ್ಕ ನೀವೇ ಹಾಕಿ. ಟವೆಲ್ ಬದಲು ತೆಳ್ಳನೆ ಪಂಚೆ ಟವೆಲ್ ಇಟ್ಟರೆ ಅಲ್ಲೇ ಕಾಲು ಕೆಜಿ ಉಳಿಯಿತು. ಯಾವ ಕ್ಯೂಬೂ ಆ ಉಪಕಾರ ಮಾಡಲ್ಲ.

ಹಾಗಾದ್ರೆ ಕ್ಯೂಬ್ ಯಾಕೆ? ಬೇಕಾದ ಬಟ್ಟೆಗೋಸ್ಕರ ಇಡೀ ಪೆಟ್ಟಿಗೆ ಕೆದಕದೇ ಇರೋಕೆ. ಅಷ್ಟೇ, ಆದ್ರೆ ಅದು ಸಣ್ಣ ಕೆಲಸವೇನಲ್ಲ.

ಮೊದಲು ಅಳತೆ. ಕ್ಯಾಬಿನ್ ಬ್ಯಾಗಿಗೆ ಹೇಳೋ 55×35×25 ಸೆಂ.ಮೀ. ಅನ್ನೋದು ಗಾಲಿ, ಹಿಡಿ ಎಲ್ಲ ಸೇರಿದ ಹೊರಗಿನ ಅಳತೆ. ಒಳಗೆ ಸಿಗೋದು ಹೆಚ್ಚುಕಡಿಮೆ 48×33, ಪ್ರತಿ ಭಾಗದ ಆಳ ಸುಮಾರು 10. ಇದಕ್ಕೆ 40×30ರ ಲಾರ್ಜ್ ಕ್ಯೂಬ್ ಹಾಕಿದ್ರೆ ಪಕ್ಕದಲ್ಲಿ 8 ಸೆಂ.ಮೀ. ಪಟ್ಟಿ ಸುಮ್ಮನೆ ಹೋಯ್ತು. ಅದೇ 32×23ರ ಎರಡು ಮೀಡಿಯಂ ಇಟ್ಟಂಗೆ ಕೂರುತ್ತವೆ. ಕ್ಯೂಬಿನ ದಪ್ಪ 10 ದಾಟಿದ್ರೆ ಮುಚ್ಚಳದ ಮೇಲೆ ಕೂತು ಜಿಪ್ ಎಳೆಯೋ ಪರಿಸ್ಥಿತಿ. ತಳದಲ್ಲಿ ಹಿಡಿಯ ಎರಡು ಸರಳುಗಳ ನಡುವೆ ತಗ್ಗು ಇರುತ್ತಲ್ಲ, ಅದನ್ನು ಮೊದಲು ಒಳಬಟ್ಟೆ, ಕಾಲುಚೀಲಗಳಿಂದ ಸಮ ಮಾಡಿ, ಅದರ ಮೇಲೆ ಕ್ಯೂಬ್ ಇಡಿ.

ಟೀ ಶರ್ಟ್, ಕಾಟನ್ ಕುರ್ತಾಗಳನ್ನು ಕ್ಯೂಬಿನ ಆಳದಷ್ಟೇ ಅಗಲಕ್ಕೆ ಮಡಚಿ, ಸುರುಳಿ ಸುತ್ತಿ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದ್ರೆ ಕೆಳಗಿನದು ತೆಗೆಯೋಕೆ ಮತ್ತೆ ಎಲ್ಲ ಎತ್ತಬೇಕು, ಕ್ಯೂಬ್ ಕೊಂಡ ಉದ್ದೇಶವೇ ಹಾಳು. ಮೀಡಿಯಂ ಒಂದರಲ್ಲಿ 5-6 ಟೀ ಶರ್ಟ್ ಆರಾಮಾಗಿ ನಿಲ್ಲುತ್ತವೆ.

ಹೆಚ್ಚಿನವರು ಎಡವೋದು ವಿಂಗಡಣೆಯಲ್ಲಿ. ಶರ್ಟೆಲ್ಲ ಒಂದು ಕಡೆ, ಪ್ಯಾಂಟೆಲ್ಲ ಇನ್ನೊಂದು ಕಡೆ ಇಟ್ಟರೆ ದಿನಾ ಬೆಳಿಗ್ಗೆ ಎಲ್ಲ ಕ್ಯೂಬ್ ಬಿಚ್ಚಬೇಕು. ಯಾವಾಗ ತೆರೀತೀರಿ ಅನ್ನೋದರ ಮೇಲೆ ವಿಂಗಡಿಸಿ. ಮೂರು ದಿನದ ಮದುವೆ ಪ್ರಯಾಣ ಅಂದ್ರೆ ರಾತ್ರಿ ಬಸ್ಸಿಗೆ ಮತ್ತು ಮಲಗೋಕೆ ಒಂದು, ಮುಹೂರ್ತದ ದಿನಕ್ಕೆ ಒಂದು, ವಾಪಸಿಗೆ ಒಂದು. ಮುಹೂರ್ತದ್ದರಲ್ಲಿ ಬ್ಲೌಸ್, ಲಂಗ, ಪಿನ್ನು ಒಟ್ಟಿಗೇ ಇರಲಿ. ಸೀರೆ ಬಂದು ಬ್ಲೌಸ್ ಮನೆಯಲ್ಲೇ ಉಳಿಯೋ ಕಥೆ ಪ್ರತಿ ಛತ್ರದಲ್ಲೂ ಇದ್ದದ್ದೇ.

ರೇಷ್ಮೆ ಸೀರೆಯನ್ನು ಮಾತ್ರ ಕಂಪ್ರೆಷನ್ ಕ್ಯೂಬಿಗೆ, ಅಂದ್ರೆ ಎರಡನೇ ಜಿಪ್ ಎಳೆದು ಬಟ್ಟೆ ಒತ್ತಿ ಕುಗ್ಗಿಸೋ ಕ್ಯೂಬಿಗೆ, ತುರುಕಬೇಡಿ. ಒತ್ತಿದ ಮಡಿಕೆಯಲ್ಲಿ ಜರಿ ಮುರಿಯುತ್ತೆ, ಆಮೇಲೆ ಇಸ್ತ್ರಿಗೂ ಬಗ್ಗಲ್ಲ. ಹಳೇ ಮೆತ್ತನೆ ಪಂಚೆಯಲ್ಲಿ ಸುತ್ತಿ ಎಲ್ಲದರ ಮೇಲೆ ಅಗಲವಾಗಿ ಹಾಸಿ. ಕಂಪ್ರೆಷನ್ನಿಂದ ನಿಜವಾಗಿ ಕುಗ್ಗೋದು ಸ್ವೆಟರ್, ಹತ್ತಿ ತುಂಬಿದಂಥ ಉಬ್ಬು ಜಾಕೆಟ್ಟು. ಜೀನ್ಸ್ ಕುಗ್ಗಲ್ಲ. ಒತ್ತುವಾಗ ಮೊದಲ ಜಿಪ್ ಮುಚ್ಚಿ, ಅಂಗೈಯಿಂದ ಗಾಳಿ ಹೊರಗೆ ತಳ್ಳಿ, ಒಂದು ಕೈಲಿ ಎರಡೂ ಅಂಚು ಸೇರಿಸಿ ಹಿಡಿದು ಇನ್ನೊಂದರಲ್ಲಿ ಎರಡನೇ ಜಿಪ್ ಸ್ವಲ್ಪ ಸ್ವಲ್ಪವೇ ಎಳೀರಿ. ಒಂದೇ ಸಮ ಎಳೆದ್ರೆ ಮೂಲೆಯ ಹೊಲಿಗೆ ಬಿಡುತ್ತೆ. ಬಟ್ಟೆ ಹಲ್ಲಿಗೆ ಸಿಕ್ಕಿದ್ರೆ ಹಿಂದಕ್ಕೆ ತನ್ನಿ, ಮುಂದಕ್ಕೆ ಜಗ್ಗಬೇಡಿ. ಮಳೆಗಾಲದಲ್ಲಿ ಅರೆ ಒಣಗಿದ್ದನ್ನು ಒತ್ತಿಟ್ಟರೆ ಮಾರನೇ ದಿನವೇ ಮುಗ್ಗಲು ವಾಸನೆ; ಅಂಥದ್ದಕ್ಕೆ ಜಾಲರಿ ಇರೋ ಕ್ಯೂಬೇ ಬೇಕು.

ದುಡ್ಡು ಹಾಕೋಕೆ ಮನಸ್ಸಿಲ್ವಾ? ಬೆಡ್‌ಶೀಟ್ ಜೊತೆ ಬರೋ ಜಿಪ್ಪಿನ ಪ್ಲಾಸ್ಟಿಕ್ ಚೀಲ ಒಳ್ಳೇ ಕ್ಯೂಬು, ಒಳಗಿರೋದೂ ಕಾಣುತ್ತೆ. ಮದುವೆಗಳಲ್ಲಿ ಕೊಡೋ ತಾಂಬೂಲದ ಚೀಲ ಒಳಬಟ್ಟೆಗೆ, ಚಾರ್ಜರಿಗೆ ಸಾಕೋ ಸಾಕು.

ಪವರ್ ಬ್ಯಾಂಕ್ ಚೆಕ್-ಇನ್‌ಗೆ ಹೋಗುವಂತಿಲ್ಲ. ಅದಕ್ಕೆ ಪ್ರತ್ಯೇಕ ಚಿಕ್ಕ ಪೌಚ್ ಮಾಡಿ ಕ್ಯಾಬಿನ್ ಬ್ಯಾಗಿನ ಮೇಲ್ಗಡೆ ಇಡಿ. ವಿಮಾನ ತುಂಬಿದೆ ಅಂತ ಗೇಟಿನಲ್ಲಿ ಬ್ಯಾಗ್ ಕೇಳಿ ತಗೊಂಡ್ರೆ ಪೌಚ್ ಎತ್ತಿಕೊಂಡು ಬ್ಯಾಗ್ ಕೊಟ್ಟರಾಯ್ತು.

ಅಮೆರಿಕದ ಕಡೆ ಎರಡೆರಡು 23 ಕೆಜಿ ಪೆಟ್ಟಿಗೆ ಕಟ್ಟೋರು ಒಬ್ಬರ ಬಟ್ಟೆಯೆಲ್ಲ ಒಂದೇ ಪೆಟ್ಟಿಗೆಗೆ ಹಾಕಬೇಡಿ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ಕ್ಯೂಬ್ ಇರಲಿ, ಪ್ರತಿ ಪೆಟ್ಟಿಗೆಯಲ್ಲೂ ಎಲ್ಲ ಬಣ್ಣ ಇರಲಿ. ಒಂದು ಪೆಟ್ಟಿಗೆ ತಡವಾದ್ರೂ ಯಾರೂ ಉಟ್ಟ ಬಟ್ಟೆಯಲ್ಲೇ ಉಳಿಯಲ್ಲ. ಉಪ್ಪಿನಕಾಯಿ ಬಟ್ಟೆಯ ಹತ್ತಿರಕ್ಕೂ ಬೇಡ. ಎಣ್ಣೆಗೆ ಜಾಲರಿ ಲೆಕ್ಕಕ್ಕಿಲ್ಲ. ಇನ್ನು ಒಣ ಕೊಬ್ಬರಿ ಗಿಟುಕನ್ನು ಮನೆಯಲ್ಲೇ ಬಿಡಿ. ಅದರ ಎಣ್ಣೆ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು ಅಂತ ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಎಷ್ಟು ಅಂದವಾಗಿ ಜೋಡಿಸಿದ್ದರೂ ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ತೆರೆಸ್ತಾರೆ.