ಹರಿದ ತಾಡಪತ್ರಿ ಎಲ್ಲಿಗೆ ಹೋಗುತ್ತದೆ?

ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು, ಅಂದ ಕೂಡಲೇ ಪೇಪರಿನವರು ಹಾಕುವ ಫೋಟೋ ಎಲ್ಲರಿಗೂ ಗೊತ್ತು. ಒಂದು ಆಮೆ, ಒಂದು ಕಡಲ ದಂಡೆ, ಯಾರದೋ ಅಂಗೈಯಲ್ಲಿ ಬಣ್ಣಬಣ್ಣದ ಚೂರು. ಕಲಬುರಗಿಯಲ್ಲಿ ಕೂತ ನಾವು "ಅಯ್ಯೋ ಪಾಪ" ಅಂದು ತೊಗರಿ ರೇಟು ನೋಡಲು ಪುಟ ತಿರುವುತ್ತೇವೆ. ಇಲ್ಲಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ 300 ಕಿಲೋಮೀಟರ್ ದಾಟದೆ ಉಪ್ಪುನೀರು ಸಿಗುವುದಿಲ್ಲ. ಅದು ಮಂಗಳೂರು, ಕಾರವಾರದವರ ತಲೆನೋವು ಅಂತ ನಮ್ಮ ಲೆಕ್ಕ.

ಆದರೆ ನಮ್ಮ ಹೊಳಿಗಳಿಗೆ ಸಮುದ್ರದ ದಾರಿ ಚೆನ್ನಾಗಿ ಗೊತ್ತಿದೆ. ಅಫಜಲಪುರ, ಜೇವರ್ಗಿ, ಯಾದಗಿರಿ ದಾಟಿದ ಭೀಮೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ಜುರಾಲಾ, ಶ್ರೀಶೈಲಂ, ನಾಗಾರ್ಜುನಸಾಗರ, ವಿಜಯವಾಡ ಹಾದು ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿ. ಬೀದರಿನ ಮಾಂಜ್ರಾ ಸಿಂಗೂರು, ನಿಜಾಮಸಾಗರ ದಾಟಿ ಕಂದಕುರ್ತಿಯಲ್ಲಿ ಗೋದಾವರಿಗೆ ಬೀಳುತ್ತದೆ. ದಾರಿಯ ಒಂದೊಂದು ಅಣೆಕಟ್ಟೂ ಸ್ವಲ್ಪ ಹೂಳು ಹಿಡಿದುಕೊಳ್ಳುತ್ತದೆ, ಹೂಳಿನ ಜೊತೆ ಪ್ಲಾಸ್ಟಿಕ್ಕನ್ನೂ. ಉಳಿದದ್ದು ಮುಂದಕ್ಕೆ. ಆ ಫೋಟೋದ ಅಂಗೈಯಲ್ಲಿರುವ ಚೂರಿಗೂ ನಮಗೂ ನಂಟಿಲ್ಲ ಅನ್ನುವ ಧೈರ್ಯ ನನಗಂತೂ ಇಲ್ಲ.

ಪ್ಲಾಸ್ಟಿಕ್ ಸಮುದ್ರಕ್ಕೆ ಹೋಗಿ ಪುಡಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ತಣ್ಣನೆ ನೀರಿನಲ್ಲಿ ಅದು ನಿಧಾನ. ಬೇಗ ಪುಡಿಯಾಗುವುದು ಒಣ ನೆಲದ ಮೇಲೆ, ಬಿಸಿಲಿನಲ್ಲಿ. ಬಿಸಿಲಿನ ವಿಷಯದಲ್ಲಿ ನಮ್ಮನ್ನು ಮೀರಿಸುವವರು ಯಾರು? ಮೇ ತಿಂಗಳಲ್ಲಿ 43 ಡಿಗ್ರಿ ಅಂದರೆ ನಾವು "ಈ ಸಲ ಪರವಾಗಿಲ್ಲ" ಅನ್ನುವ ಜನ.

ನಮ್ಮ ಕಡೆ ತಾಡಪತ್ರಿ, ಅಂದರೆ ಟಾರ್ಪಾಲು, ಇಲ್ಲದ ರೈತನ ಮನೆ ಇಲ್ಲ. ತೊಗರಿ ರಾಶಿ ಮಾಡುವಾಗ ಕೆಳಗೆ ಹಾಸಲು ಅದೇ, ಅಕಾಲಕ್ಕೆ ಮೋಡ ಕವಿದರೆ ಮೇಲೆ ಹೊದಿಸಲು ಅದೇ. ಕಣಕಿ ಬಣವಿ ಮೇಲೆ, ಟ್ರಾಲಿ ಮೇಲೆ, ದನದ ಕೊಟ್ಟಿಗೆಯ ತಗಡು ಹಾರಿಹೋದ ಜಾಗದಲ್ಲಿ, ಕಡೆಗೆ ಮದುವೆಯ ಅಡುಗೆ ಒಲೆಗೆ ಗಾಳಿ ಮರೆಯಾಗಿಯೂ ಅದೇ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಕೊಡುತ್ತಾರೆ. ಬಹಳ ಉಪಯೋಗದ ವಸ್ತು, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಎರಡು ಮೂರು ಬ್ಯಾಸಗಿ ಕಳೆದ ಮೇಲೆ ಬಣವಿ ಮೇಲಿನ ತಾಡಪತ್ರಿಯನ್ನು ಕೈಯಲ್ಲಿ ಹಿಡಿದು ನೋಡಿ. ಕಲ್ಲು ಕಟ್ಟಿ ಇಳಿಬಿಟ್ಟ ಕಿವಿಗಳು ಮೊದಲೇ ಕಿತ್ತುಹೋಗಿರುತ್ತವೆ. ಮಡಿಕೆ ಬಿದ್ದ ಕಡೆಯೆಲ್ಲ ಬಿಳಿಚಿಕೊಂಡಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿದರೆ ಮೇಲಿನ ಪದರ ನೀಲಿ ಪುಡಿಯಾಗಿ ಬೆವರಿದ ಅಂಗೈಗೆ ಅಂಟುತ್ತದೆ. ಒಳಗಿನ ನೇಯ್ಗೆಯ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಒಂದು ಪಟ್ಟಿ ಎಳೆದರೆ ಉದ್ದಕ್ಕೆ ಸೀಳಿ ದಾರ, ದಾರ ಎಳೆದರೆ ಉಗುರಿನಷ್ಟು ಉದ್ದದ ತುಂಡು. ಕೈ ಒದರಿದರೆ ಅಷ್ಟೂ ನೆಲಕ್ಕೆ. 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. 2004ರಲ್ಲಿ ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಮತ್ತವರ ಸಂಗಡಿಗರ ಲೇಖನ ಬಂದ ಮೇಲೆ ಈ ಮಾತು ಜಗತ್ತಿಗೆಲ್ಲ ಹಬ್ಬಿತು. ಅದನ್ನು ನೋಡಲು ಲ್ಯಾಬಿಗೆ ಹೋಗಬೇಕಿಲ್ಲ, ಹಿತ್ತಲಿಗೆ ಹೋದರೆ ಸಾಕು.

ಒಳಗೆ ನಡೆಯುವುದು ಇಷ್ಟು. ತಾಡಪತ್ರಿ ಅಂದರೆ ಪಾಲಿಥಿನ್. ಅದರ ಉದ್ದುದ್ದ ಅಣುಸರಪಳಿಯನ್ನು ಬಿಸಿಲಿನ ನೇರಳಾತೀತ ಕಿರಣ ಕತ್ತರಿಸುತ್ತಾ ಹೋಗುತ್ತದೆ, ಗಾಳಿಯ ಆಮ್ಲಜನಕ ಮತ್ತು ಕಾವು ಅದಕ್ಕೆ ಕೈ ಜೋಡಿಸುತ್ತವೆ. ತಡೆಯಲೆಂದು ಕಾರ್ಖಾನೆಯಲ್ಲೇ ಒಂದಿಷ್ಟು ರಾಸಾಯನಿಕ ಬೆರೆಸಿರುತ್ತಾರೆ, ಅದು ಖರ್ಚಾಗುವವರೆಗೆ ಮಾಲು ಗಟ್ಟಿ. ಆಮೇಲೆ ಬಾಗುವ ಗುಣ ಹೋಗಿ ಮುರಿಯುವ ಗುಣ ಬರುತ್ತದೆ. ಕೊಳೆಯುವುದಿಲ್ಲ, ಸಣ್ಣದಾಗುತ್ತದೆ ಅಷ್ಟೇ. ಗೊಬ್ಬರದ ಚೀಲ, ಕಲ್ಲಂಗಡಿ ಹೊಲಕ್ಕೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಪೇಪರ್, ಡ್ರಿಪ್ ಪೈಪು, ಎಲ್ಲದರ ಕತೆಯೂ ಇದೇ. ನಮ್ಮದು ಎರಿ ಭೂಮಿ. ಬ್ಯಾಸಗಿಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಚೂರು ಅದರೊಳಗೆ ಬೀಳುತ್ತದೆ, ಮಳೆಗೆ ಬಾಯಿ ಮುಚ್ಚುತ್ತದೆ. ಬಿರುಕಿಗೆ ಬೀಳದ್ದು ಹಳ್ಳಕ್ಕೆ, ಹಳ್ಳದ್ದು ಹೊಳಿಗೆ.

ಹೊಳಿ ಅದನ್ನು ಏನು ಮಾಡುತ್ತದೆ? ನೀರು ಕಡಿಮೆ ಇರುವಾಗ ತಳದ ಕೆಸರಿನಲ್ಲಿ ಕೂಡಿಡುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಹೊಳೆಗಳಲ್ಲಿ ಪ್ರವಾಹದ ಮೊದಲು ಮತ್ತು ನಂತರ ತಳದ ಕೆಸರು ತೆಗೆದು ಎಣಿಸಿದವರು 2018ರಲ್ಲಿ ವರದಿ ಕೊಟ್ಟರು: ತಳದಲ್ಲಿದ್ದ ಮೈಕ್ರೋಪ್ಲಾಸ್ಟಿಕ್ಕಿನ ಸುಮಾರು 70 ಪರ್ಸೆಂಟ್ ಆ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ನಮಗೆ ಪ್ರವಾಹ ಹೊಸದಲ್ಲ. 2020ರ ಅಕ್ಟೋಬರ್ ಯಾರು ಮರೆತಾರು? 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಹಾಗೇ ಬಂದಳು. ನೀರು ಇಳಿದ ಮೇಲೆ ದಂಡೆಯ ಜಾಲಿ ಗಿಡಗಳನ್ನು ನೋಡಿದ್ದೀರಲ್ಲ, ಆಳೆತ್ತರದಲ್ಲಿ ಮುಳ್ಳುಮುಳ್ಳಿಗೂ ಕ್ಯಾರಿಬ್ಯಾಗಿನ ಚಿಂದಿ. ಅದು ಕಣ್ಣಿಗೆ ಕಾಣುವ ಪಾಲು. ಆ ಚಿಂದಿ ಮುಂದಿನ ಬ್ಯಾಸಗಿಯಷ್ಟೂ ಅಲ್ಲೇ ನೇತಾಡಿ, ಒಣಗಿ, ಉದುರಿ, ಬರುವ ಮಳೆಗಾಲಕ್ಕೆ ತಯಾರಾಗಿರುತ್ತದೆ.

"ಇದೆಲ್ಲಾ ಮ್ಯಾಲಿಂದ ಬರ್ತದ್ರೀ, ಪುಣಾದ ಹೊಲಸು" ಅನ್ನುವ ಮಾತೊಂದು ನಮ್ಮಲ್ಲಿ ಚಾಲ್ತಿಯಲ್ಲಿದೆ. ಅರ್ಧ ಸತ್ಯ. ಪುಣೆಯ ಮುಳಾ-ಮುಠಾ ಭೀಮೆಗೇ ಬಂದು ಸೇರುತ್ತದೆ. ಆದರೆ ನಡುವೆ ಉಜನಿ ಅಣೆಕಟ್ಟು ಇದೆ. ನಮ್ಮ ಹಳ್ಳದ ಬಾಯಿಗೆ ಯಾವ ಅಣೆಕಟ್ಟು ಇದೆ ಹೇಳಿ.

ಇನ್ನು ಬಟ್ಟೆ. ಗಾಣಗಾಪುರದ ಸಂಗಮಕ್ಕೆ ಹೋದವರಿಗೆ ಹೇಳುವುದೇ ಬೇಡ. ಮಿಂದ ಮೇಲೆ ಉಟ್ಟ ಬಟ್ಟೆ ಹೊಳಿಯಲ್ಲೇ ಬಿಡುವ ನಂಬಿಕೆ ಬಹಳ ಕ್ಷೇತ್ರಗಳಲ್ಲಿದೆ. ಹತ್ತಿ ಬಟ್ಟೆಯ ಕಾಲಕ್ಕೆ ಅದು ನಡೆಯುತ್ತಿತ್ತು, ಕೊಳೆತು ಮಣ್ಣಾಗುತ್ತಿತ್ತು. ಈಗ ಬಿಡುವ ಸೀರೆ, ಪ್ಯಾಂಟು ಬಹುಪಾಲು ಪಾಲಿಸ್ಟರ್. ಪಾಲಿಸ್ಟರ್ ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನೇ ನೂಲು ಮಾಡಿದ್ದು. ಒಗೆದರೂ ಅದರಿಂದ ಎಳೆ ಬಿಡುತ್ತದೆ. ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ, ವಾಷಿಂಗ್ ಮಷೀನಿನಲ್ಲಿ 6 ಕಿಲೋ ಅಕ್ರಿಲಿಕ್ ಬಟ್ಟೆ ಹಾಕಿದರೆ ಒಂದು ಒಗೆತಕ್ಕೆ 7 ಲಕ್ಷಕ್ಕೂ ಹೆಚ್ಚು ಎಳೆ ಹೊರಬೀಳಬಹುದು, ಪಾಲಿಸ್ಟರ್ ಆದರೆ ಸುಮಾರು 5 ಲಕ್ಷ. ನಮ್ಮ ಬಚ್ಚಲ ನೀರು ಗಟಾರಕ್ಕೆ, ಗಟಾರ ನಾಲೆಗೆ. ಶುದ್ಧೀಕರಣ ಘಟಕ ಇದ್ದ ಕಡೆ ಬಹುಪಾಲು ಎಳೆ ಕೆಸರಿನಲ್ಲಿ ನಿಲ್ಲುತ್ತದೆ, ಆ ಕೆಸರನ್ನು ಗೊಬ್ಬರ ಅಂತ ಹೊಲಕ್ಕೆ ಹಾಕಿದರೆ ಮತ್ತೆ ಮೊದಲಿನಿಂದ ಶುರು.

ಅರಣ್ಯ ಮತ್ತು ಪರಿಸರ ಸಚಿವ, ನಮ್ಮ ಭಾಲ್ಕಿಯವರೇ ಆದ ಈಶ್ವರ ಖಂಡ್ರೆ 2025ರಲ್ಲಿ ಒಂದು ಸೂಚನೆ ಕೊಟ್ಟರು. ಹೊಳಿ ದಂಡೆಯ ತೀರ್ಥಕ್ಷೇತ್ರಗಳಲ್ಲಿ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಭಕ್ತರು ಬಟ್ಟೆಯನ್ನು ನೀರಿಗೆ ಬಿಡದಂತೆ ನೋಡಿಕೊಳ್ಳಬೇಕು. ಒಳ್ಳೆಯ ಮಾತು. ಪೇಪರಿನಲ್ಲಿ ಸೋಪು, ಶಾಂಪೂ ದೊಡ್ಡ ಸುದ್ದಿಯಾಯಿತು, ಬಟ್ಟೆ ಒಂದು ಸಾಲಾಯಿತು. ನನ್ನ ಕಣ್ಣಿಗೆ ಬಟ್ಟೆಯೇ ದೊಡ್ಡದು. ಶಾಂಪೂ ನೊರೆ ನಾಳೆಗೆ ಇರುವುದಿಲ್ಲ, ಪಾಲಿಸ್ಟರ್ ಸೀರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದೇ ಮರಳಿನಲ್ಲಿ ಇರುತ್ತದೆ. ದಂಡೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಇಟ್ಟು "ಬಟ್ಟೆ ಇಲ್ಲಿ ಅರ್ಪಿಸಿ" ಅಂತ ಬರೆದರೆ ದತ್ತಾತ್ರೇಯ ಏನೂ ಬೇಜಾರು ಮಾಡಿಕೊಳ್ಳಲಾರ. ಮೊದಲಾದರೆ ಹಳೇ ಸೀರೆ ಕೌದಿಯಾಗಿ ಇಪ್ಪತ್ತು ವರ್ಷ ಮನೆಯೊಳಗೇ ಉಳಿಯುತ್ತಿತ್ತು.

ಕುಡಿಯುವ ನೀರಿಗೆ ಬರೋಣ, ಏಕೆಂದರೆ ಇಲ್ಲಿಗೆ ಬಂದಾಗಲೇ ಜನ ಕಿವಿ ಕೊಡುವುದು. ವಾರಕ್ಕೊಂದು ಎಟಿಎಂ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ ಅನ್ನುವ ವಾಟ್ಸಾಪ್ ಮೆಸೇಜನ್ನು ದಯವಿಟ್ಟು ನನಗೆ ಕಳಿಸಬೇಡಿ. ಆ ಲೆಕ್ಕ ಬಹಳ ಉಬ್ಬಿದ್ದು ಅಂತ ಆಮೇಲೆ ಬೇರೆ ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಂತ ನೆಮ್ಮದಿಯಾಗಿ ಮಲಗುವ ಸುದ್ದಿಯೂ ಇಲ್ಲ. 2022ರಲ್ಲಿ ನೆದರ್ಲೆಂಡಿನವರು 22 ಜನರ ರಕ್ತ ಪರೀಕ್ಷಿಸಿದರೆ 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಗಂಟನ್ನು ನೋಡಿದರು. ಅದರಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಮುಂದಿನ ಮೂರು ವರ್ಷದೊಳಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಇಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಅಂತ ಅದು ಸಾಬೀತು ಮಾಡುವುದಿಲ್ಲ, ಎರಡೂ ಜೊತೆಗಿದ್ದವು ಅನ್ನುವುದಷ್ಟೇ.

ನಮ್ಮ ಮಟ್ಟಿಗೆ ಸ್ವಾರಸ್ಯದ ಸಂಶೋಧನೆ ಬೇರೆ ಇದೆ. ಅದೂ 2024ರದ್ದು, ಚೀನಾದ ಗುವಾಂಗ್‌ಝೌ ಕಡೆಯದು. ಗಡಸು ನೀರನ್ನು ಐದು ನಿಮಿಷ ಕುದಿಸಿದರೆ ಅದರ ಸುಣ್ಣ ಗಟ್ಟಿಯಾಗುತ್ತದೆ, ಆಗುವಾಗ ಪ್ಲಾಸ್ಟಿಕ್ ಕಣಗಳನ್ನು ಸುತ್ತಿ ಹಿಡಿದುಕೊಳ್ಳುತ್ತದೆ. ಸೋಸಿದರೆ ಸುಣ್ಣದ ಜೊತೆ ಅವೂ ಹೊರಗೆ. ಚೆನ್ನಾಗಿ ಗಡಸಾದ ನೀರಿನಲ್ಲಿ ಸುಮಾರು 90 ಪರ್ಸೆಂಟ್ ತನಕ, ಮೆದು ನೀರಿನಲ್ಲಿ 25ರ ಆಸುಪಾಸು. ಇದನ್ನು ಓದಿ ನಗು ಬಂತು. ಶಹಾಬಾದಿ ಪರ್ಸಿ ಮೇಲೆ ಕೂತ ಊರು ನಮ್ಮದು, ನೆಲದ ಕೆಳಗೆ ಸುಣ್ಣದ ಕಲ್ಲೇ ಕಲ್ಲು. ಬಾಯ್ಲರ್, ಗೀಸರ್ ಎಲ್ಲದರಲ್ಲೂ ಬಿಳಿ ಪೊರೆ ಕಟ್ಟಿ ಹಾಳು ಮಾಡಿದ ನೀರಿಗೆ ಬೈಯದ ಮನೆ ಇಲ್ಲ. ಅದಕ್ಕೇ ಎಲ್ಲರೂ ಕ್ಯಾನ್ ನೀರಿಗೆ ಹೋದೆವು. ಆ ನೀರು ಬರುವುದು ಪ್ಲಾಸ್ಟಿಕ್ ಕ್ಯಾನಿನಲ್ಲಿ, ಬಿಸಿಲಲ್ಲಿ ನಿಂತ ಟಂಟಂ ಮೇಲೆ, ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ತಿರುಗಿಸಿ. ಹಾಗಂತ ನಾಳೆಯೇ ಆರ್‌ಒ ಬಿಟ್ಟು ಬೋರಿನ ನೀರು ಕುದಿಸಿ ಅಂತ ಹೇಳುತ್ತಿಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇದ್ದದ್ದು ಎಲ್ಲರಿಗೂ ಗೊತ್ತು. ಆರ್ಸೆನಿಕ್, ಫ್ಲೋರೈಡ್ ಇರುವ ಕಡೆ ಕುದಿಸಿ ಉಪಯೋಗವಿಲ್ಲ, ಇನ್ನಷ್ಟು ಗಾಢವಾಗುತ್ತವೆ. ನಲ್ಲಿ ನೀರು ಬರುವ ಮನೆಯವರು ಕುದಿಸಿ, ತಣಿಸಿ, ದಪ್ಪ ಹತ್ತಿ ಬಟ್ಟೆಯಲ್ಲಿ ಸೋಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ, ಗ್ಯಾಸಿನ ಖರ್ಚೊಂದು ಬಿಟ್ಟು.

ಚಾದ ಕಪ್ಪಿನ ಕತೆಯೂ ಹೀಗೇ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಪ್ಪು ಬಂದ್ ಆಯಿತು, ಪೇಪರ್ ಕಪ್ಪು ಬಂತು. ಪೇಪರಿನ ಒಳಮೈಗೆ ತೆಳ್ಳನೆ ಪ್ಲಾಸ್ಟಿಕ್ ಇರುತ್ತದೆ. 100 ಎಂಎಲ್ ಬಿಸಿ ನೀರು 15 ನಿಮಿಷ ಅದರಲ್ಲಿದ್ದರೆ ಸುಮಾರು 25,000 ಕಣ ಬಿಡುತ್ತದೆ ಅಂತ ಐಐಟಿ ಖರಗಪುರದವರು ಕಂಡುಕೊಂಡರು. ನಮ್ಮ ಮಂದಿ ಹಾಪ್ ಚಾ ಎರಡು ಗುಟುಕಿಗೆ ಮುಗಿಸುತ್ತಾರೆ, ಅದೊಂದು ಪುಣ್ಯ. ಆದರೂ ಗಾಜಿನ ಗ್ಲಾಸ್ ಇಟ್ಟ ಅಂಗಡಿಗೇ ಹೋಗಿ.

ಸಿಟ್ಟು ಬರುವುದು ಇಲ್ಲಿ. ಪ್ಲಾಸ್ಟಿಕ್ ವಿರುದ್ಧ ಕಾರ್ಯಾಚರಣೆ ಅಂದರೆ ಏನು ನಡೆಯುತ್ತದೆ? ಜೀಪಿನಲ್ಲಿ ಬಂದು ಮೆಂತ್ಯದ ಕಟ್ಟು ಮಾರುವ ಹೆಣ್ಣುಮಗಳ ಕ್ಯಾರಿಬ್ಯಾಗು ಕಿತ್ತುಕೊಂಡು, ದಂಡ ಹಾಕಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಕರ್ನಾಟಕದಲ್ಲಿ 2016ರಿಂದ ನಿಷೇಧ ಇದೆ, ತಯಾರಿಸುವವರು ಯಾರು ಅಂತ ಈವರೆಗೂ ಆ ಹೆಣ್ಣುಮಗಳನ್ನೇ ಕೇಳುತ್ತಿದ್ದಾರೆ. ಅವಳ ಪುಟ್ಟಿಯಲ್ಲಿರುವ ಚೀಲಗಳೆಲ್ಲ ಸೇರಿದರೂ ಒಂದು ತಾಡಪತ್ರಿಯ ತೂಕಕ್ಕೆ ಬರುವುದಿಲ್ಲ. ತಾಡಪತ್ರಿಯನ್ನು ಕೊಡುವಾಗ ಆಧಾರ್, ಪಹಣಿ ಎಲ್ಲ ಕೇಳುತ್ತಾರೆ, ಹಳೆಯದು ಎಲ್ಲಿ ಅಂತ ಮಾತ್ರ ಕೇಳುವುದಿಲ್ಲ.

ನಮ್ಮ ಓಣಿಗೆ ಬರುವ ಗುಜರಿಯವನಿಗೆ ಒಮ್ಮೆ ಹಳೇ ತಾಡಪತ್ರಿ ತೋರಿಸಿದೆ. ಮುಟ್ಟಿ ನೋಡಿ ಕೆಳಗೆ ಹಾಕಿದ.

"ಇದು ಸುಟ್ಟ ಹಪ್ಪಳ ಆಗ್ಯಾದ್ರೀ ಸರ. ಎತ್ತಿ ಗಾಡ್ಯಾಗ ಹಾಕೂದ್ರಾಗ ಅರ್ಧ ಇಲ್ಲೇ ಉದುರ್ತದ. ಒಂದ್ ವರ್ಷ ಮೊದ್ಲ ಕೊಟ್ಟಿದ್ರ ತಗೋತಿದ್ದೆ."

ಅವನು ಹೇಳಿದ್ದು ಪೂರಾ ಸರಿ. ಬಾಗುವ ತನಕ ಅದಕ್ಕೆ ಬೆಲೆ ಇದೆ, ಕರಗಿಸಿ ಮತ್ತೆ ಏನಾದರೂ ಮಾಡಬಹುದು. ಮುರಿಯಲು ಶುರುವಾದ ಮೇಲೆ ಯಾರಿಗೂ ಬೇಡ. ಹಾಗಾಗಿ ಹಿಡಿಯುವುದಿದ್ದರೆ ಇಡಿಯಾಗಿರುವಾಗಲೇ ಹಿಡಿಯಬೇಕು. ಪುಡಿಯಾದ ಮೇಲೆ ಭೀಮೆಯಿಂದ ಸೋಸಿ ತೆಗೆಯುವ ಜಾಲರಿ ಯಾರ ಹತ್ತಿರವೂ ಇಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಹಳೇ ತಾಡಪತ್ರಿ ತಂದವರಿಗೆ ಹೊಸದರ ಮೇಲೆ ಇನ್ನೂ ಸ್ವಲ್ಪ ರಿಯಾಯಿತಿ. ಸಿಲಿಂಡರ್ ಖಾಲಿ ಕೊಟ್ಟು ತುಂಬಿದ್ದು ತರುವ ರೂಢಿ ಎಲ್ಲರಿಗೂ ಇದೆ. ಗೊಬ್ಬರದ ಖಾಲಿ ಚೀಲಕ್ಕೂ ಇದೇ. ಬಂದದ್ದರಲ್ಲಿ ಚೆನ್ನಾಗಿರುವುದು ಗುಜರಿಗೆ, ಕೆಟ್ಟದ್ದು ಸಿಮೆಂಟ್ ಕುಲುಮೆಗೆ. ಪ್ಲಾಸ್ಟಿಕ್ ತ್ಯಾಜ್ಯವನ್ನು ಸಿಮೆಂಟ್ ಕುಲುಮೆಯಲ್ಲಿ ಉರುವಲಾಗಿ ಸುಡಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯೇ ಇದೆ. 1,400 ಡಿಗ್ರಿಗೂ ಮೇಲಿನ ಕಾವು, ಚೂರು ಉಳಿಯುವ ಪ್ರಶ್ನೆಯೇ ಇಲ್ಲ. ಹೊಗೆ ಬರುತ್ತದೆ, ಇಂಗಾಲ ಬರುತ್ತದೆ, ಸುಡುವುದು ಮರುಬಳಕೆ ಅಲ್ಲ ಅನ್ನುವ ಪರಿಸರದವರ ತಕರಾರು ನ್ಯಾಯವಾದದ್ದೇ. ಆದರೆ ಹೊಲದ ಬದುವಿನಲ್ಲಿ ಬೆಂಕಿ ಹಚ್ಚಿ ಕರಿ ಹೊಗೆ ಕುಡಿಯುವುದಕ್ಕಿಂತ ಅದು ಎಷ್ಟೋ ವಾಸಿ. ಬೇರೆ ಜಿಲ್ಲೆಯವರು ಲಾರಿ ಬಾಡಿಗೆ ಕೊಟ್ಟು ಕಳಿಸಬೇಕು, ನಮಗೆ ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಮಗ್ಗುಲಲ್ಲೇ ಇವೆ.

ಎರಡನೆಯದು ಎಣಿಕೆ. ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಮೂಲದಿಂದ ಕಡಲ ತನಕ ಪರೀಕ್ಷಿಸಿ 2020ರಲ್ಲಿ ವರದಿ ಪ್ರಕಟಿಸಿದರು, ನೀರು, ಮರಳು, ದಂಡೆಯ ಮಣ್ಣು ಮೂರರಲ್ಲೂ ಕಣ ಸಿಕ್ಕವು. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ ಮೈಕ್ರೋಪ್ಲಾಸ್ಟಿಕ್ಕಿಗೆ ಮಿತಿಯೇ ಇಲ್ಲ, ಹಾಗಾಗಿ ನಗರದ ನೀರಿನ ರಿಪೋರ್ಟಿನಲ್ಲಿ ಆ ಕಾಲಮ್ಮೂ ಇರುವುದಿಲ್ಲ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ನಗರದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. ಎಂಎಸ್ಸಿ ಮಕ್ಕಳಿಗೆ ಪ್ರಾಜೆಕ್ಟ್ ವಿಷಯ ಹುಡುಕುವ ಪ್ರೊಫೆಸರುಗಳೇ, ಸೊನ್ನ ಬ್ಯಾರೇಜಿನಿಂದ ಸನ್ನತಿ ತನಕ ಒಮ್ಮೆ ನಡೆಸಿ, ಮಳೆಗಾಲದ ಮುಂಚೆ ಒಂದು ಸಲ, ಹೊಳಿ ಬಂದು ಹೋದ ಮೇಲೆ ಒಂದು ಸಲ.

ಮುಂಗಾರಿಗೆ ತಾಡಪತ್ರಿ ಅರ್ಜಿ ಕರೆದಾಗ ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹಳೆಯದನ್ನು ವಾಪಸ್ ತೆಗೆದುಕೊಳ್ಳಿ ಅಂತ ಒಂದು ಮನವಿ ಬರೆದು ಕೊಡುತ್ತೇನೆ. ನಿಮ್ಮೂರ ಕಡೆ ತಾಡಪತ್ರಿ, ಗೊಬ್ಬರದ ಚೀಲ ತೂಕಕ್ಕೆ ತೆಗೆದುಕೊಳ್ಳುವ ಗುಜರಿ ಇದ್ದರೆ ಕಿಲೋಗೆ ಎಷ್ಟು ಕೊಡುತ್ತಾರೆ ತಿಳಿಸಿ. ಆ ರೇಟನ್ನೂ ಮನವಿಯಲ್ಲೇ ಸೇರಿಸಬೇಕು.